ಮೈದಾನಕ್ಕೆ ಬೆನ್ನು ಮಾಡಿ ನಿಂತವನು

ಗುರುಪುತ್ರಪ್ಪ ಒಂಬತ್ತು ವರ್ಷ ಫುಟ್‌ಬಾಲ್ ಮೈದಾನದಲ್ಲಿ ನಿಂತ. ಆ ಒಂಬತ್ತು ವರ್ಷಗಳಲ್ಲಿ ಒಂದು ಗೋಲನ್ನೂ ಅವನು ಕಣ್ಣಾರೆ ನೋಡಲಿಲ್ಲ.

ಬೆಳಗಾವಿ ಕ್ಯಾಂಪಿನ ಅಂಚಿನಲ್ಲಿದ್ದ ಮೈದಾನದಲ್ಲಿ ಅವನು ಚಹಾ ಮಾರಲು ನಿಂತದ್ದು 1918ರಲ್ಲಿ. ಮಳೆ ಹಿಂದೆ ಸರಿಯುತ್ತಿದ್ದಂತೆ ಅಲ್ಲಿ ಪಂದ್ಯಗಳು ಶುರುವಾಗುತ್ತಿದ್ದವು. ಪಲ್ಟಣಿಯ ಸೋಲ್ಜರರ ತಂಡಗಳು, ಊರಿನ ಶಾಲೆಗಳ ತಂಡಗಳು, ಕೊನೆಯ ಹಂತಕ್ಕೆ ಧಾರವಾಡದ ಕಾಲೇಜಿನ ತಂಡ. ಸೋಲ್ಜರರಿಗೆ ಅವರದೇ ಬಿಳಿ ಡೇರೆಯಲ್ಲಿ ತಿನ್ನಲು ಕುಡಿಯಲು ಸಿಗುತ್ತಿತ್ತು. ಊರವರಿಗೆ ಏನೂ ಇರಲಿಲ್ಲ. ಪಂದ್ಯಗಳ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮಾರ್ತಾಂಡರಾಯರು ಗುರುಪುತ್ರಪ್ಪನಿಗೆ ಮೈದಾನದ ಮೂಡಣ ಬದಿಯಲ್ಲಿ ಒಂದು ಜಾಗ ತೋರಿಸಿ, ಇಲ್ಲಿ ನಿಲ್ಲು, ಆದರೆ ಆಟ ನೋಡುವವರಿಗೆ ಅಡ್ಡ ಬರಬೇಡ ಎಂದರು.

ತೊಂದರೆ ಆ ಜಾಗದಲ್ಲೇ ಇತ್ತು. ಗಾಳಿ ಪಡುವಣದಿಂದ, ಮೈದಾನದ ಮೇಲಿಂದಲೇ ಬೀಸುತ್ತಿತ್ತು. ಶೇಗಡಿಯ ಇದ್ದಲಿ ನಿಗಿನಿಗಿ ಉರಿಯಬೇಕಾದರೆ ಆ ಕಡೆಗೆ ಸೊಂಟದೆತ್ತರದ ತಗಡು ನಿಲ್ಲಿಸಬೇಕು. ತಗಡಿಗೆ ಒತ್ತಿಕೊಂಡು ಶೇಗಡಿ, ಅದರ ಮುಂದೆ ಗುರುಪುತ್ರಪ್ಪ, ಅವನ ಮುಂದೆ ಮರದ ಹಲಗೆ, ಹಲಗೆಯ ಆಚೆ ಜನರ ಸಾಲು. ಸಾಲಿನಲ್ಲಿ ನಿಂತವರಿಗೆ ಅವನ ಹೆಗಲ ಮೇಲಿಂದ ಇಡೀ ಮೈದಾನ ಕಾಣುತ್ತಿತ್ತು. ಅವನಿಗೆ ಅವರ ಮುಖಗಳು ಮಾತ್ರ ಕಾಣುತ್ತಿದ್ದವು. ಆಟವನ್ನು ಅವನು ಆ ಮುಖಗಳಲ್ಲೇ ಓದಲು ಕಲಿತ. ಬಾಯಿ ಅರ್ಧ ತೆರೆದರೆ ಚೆಂಡು ಗೋಲಿನ ಹತ್ತಿರ ಬಂದಿದೆ. ಎಲ್ಲರ ತಲೆಗಳೂ ಒಟ್ಟಿಗೆ ಎಡಕ್ಕೆ ವಾಲಿದರೆ ಸೋಲ್ಜರರು ಮುನ್ನುಗ್ಗಿದ್ದಾರೆ. ಗೋಲಾದಾಗ ಯಾರಾದರೂ ಒಬ್ಬ ಹಲಗೆಗೆ ಗುದ್ದುತ್ತಿದ್ದ, ನಾಲ್ಕು ಕಪ್ಪು-ಬಶಿಗಳು ಒಮ್ಮೆಲೇ ಸದ್ದು ಮಾಡುತ್ತಿದ್ದವು.

ಅವನು ಅನಗೋಳದವನು. ತಂದೆ ತಾಯಿ ಒಂದೇ ವರ್ಷ ಬೇನೆ ಬಂದು ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು, ತಮ್ಮ ತಮ್ಮಣ್ಣನಿಗೆ ನಾಲ್ಕು. ಶಿವಬಸವ್ವ ಮದುವೆಯಾಗಿ ಬಂದ ಮನೆಯಲ್ಲಿ ಆಗಲೇ ಒಂದು ಮಗುವಿತ್ತು. ಅದು ಗಂಡನ ತಮ್ಮ. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಹೆಚ್ಚು ಎತ್ತಲಿಲ್ಲ, ಯಾಕೆಂದರೆ ಬೆಳಿಗ್ಗೆ ಎದ್ದರೆ ತಮ್ಮಣ್ಣನನ್ನು ಶಾಲೆಗೆ ಕಳಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು.

ಗುರುಪುತ್ರಪ್ಪನ ಚಹಾ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿರಲಿಲ್ಲ. ಶುಂಠಿ ಜಜ್ಜಿ ಹಾಕುತ್ತಿದ್ದ, ಹಾಲಿಗೆ ನೀರು ಬೆರೆಸುತ್ತಿರಲಿಲ್ಲ. ಆದರೆ ಅದು ಕೈಗೆ ಬರುವುದು ತಡ. ಮಧ್ಯಂತರ ಹತ್ತು ನಿಮಿಷ. ಸಾಲಿನಲ್ಲಿ ಇನ್ನೂರು ಜನ. ಇಪ್ಪತ್ತನಾಲ್ಕು ಕಪ್ಪು-ಬಶಿ. ಸೀಟಿ ಮತ್ತೆ ಊದುವ ಹೊತ್ತಿಗೆ ಅರವತ್ತು ಜನ ಕುಡಿದಿದ್ದರೆ ಹೆಚ್ಚು. ಉಳಿದವರು ಎರಡನೇ ಅರ್ಧ ಆಡುತ್ತಿರುವಾಗಲೂ ಸಾಲಿನಲ್ಲೇ ಇರುತ್ತಿದ್ದರು. ಕೊನೆಯವನ ಕೈಗೆ ಚಹಾ ಬರುವಾಗ ಕೆಲವೊಮ್ಮೆ ಗೋಲಿನ ಕಂಬ ಕೀಳಲು ಆಳುಗಳು ಬಂದಿರುತ್ತಿದ್ದರು. ಶಾಲೆಯ ಹುಡುಗರು ಚೇಷ್ಟೆ ಮಾಡುತ್ತಿದ್ದರು. ಒಬ್ಬ ಒಮ್ಮೆ ಕಪ್ಪು ಹಿಡಿದು ಗಂಭೀರವಾಗಿ ಕೇಳಿದ್ದ: “ಕಾಕಾ, ಇದು ಈ ವರ್ಷ ಕೇಳಿದ ಚಹಾನೋ, ಹೋದ ವರ್ಷ ಕೇಳಿದ್ದೋ?”

ತಡವಾಗುತ್ತಿದ್ದದ್ದು ತೊಳೆಯುವುದರಿಂದ. ಪ್ರತಿ ಕಪ್ಪನ್ನೂ ಗುರುಪುತ್ರಪ್ಪ ಮೊದಲು ನೀರಿನಲ್ಲಿ, ಆಮೇಲೆ ಬೂದಿಯಲ್ಲಿ, ಮತ್ತೆ ಎರಡು ಸಲ ನೀರಿನಲ್ಲಿ ತೊಳೆಯುತ್ತಿದ್ದ. ಅದೂ ಕುಡಿಯುವವನ ಎದುರಿಗೇ, ಅವನ ಕಣ್ಣಿಗೆ ಬೀಳುವ ಹಾಗೆ, ಕಪ್ಪನ್ನು ಬೆಳಕಿಗೆ ಹಿಡಿದು ತೋರಿಸಿ. ಮೊದಲೇ ತೊಳೆದು ಒಟ್ಟಿಟ್ಟರೆ ಆಗದೇ ಎಂದು ಮಾರ್ತಾಂಡರಾಯರು ಎರಡು ಸಲ ಹೇಳಿ ನೋಡಿದರು. ಅವನು ಹೂಂ ಎಂದ, ಮಾಡಲಿಲ್ಲ.

ಇದಕ್ಕೆ ಕಾರಣ ಮೊದಲ ವರ್ಷದ ಒಂದು ಪ್ರಶ್ನೆ. ದಿಗಂಬರ ಮಾಸ್ತರರು ಊರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವರು. ಅವರು ಕಪ್ಪನ್ನು ಕೈಗೆ ತೆಗೆದುಕೊಂಡು, ಒಳಗೆ ನೋಡಿ, “ಇದನ್ನ ತೊಳದೀರೇನು?” ಎಂದು ಕೇಳಿದ್ದರು. ಅಷ್ಟೇ. ಹಿಂದೆ ನಿಂತವರು ಕತ್ತು ಚಾಚಿ ನೋಡಿದರು. ಗುರುಪುತ್ರಪ್ಪನ ಕಿವಿ ಬಿಸಿಯಾಯಿತು. ಮಾಸ್ತರರು ಬ್ರಾಹ್ಮಣರು, ತಾನು ಲಿಂಗಾಯತ. ಇವರ ಹಿಂದೆ ಮರಾಠರಿದ್ದಾರೆ, ಮುಸಲ್ಮಾನರಿದ್ದಾರೆ, ಜೈನರಿದ್ದಾರೆ. ಒಬ್ಬರ ಬಾಯಿಗೆ ತಾಗಿದ್ದು ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರು ಕೇಳಿದ್ದರ ಅರ್ಥ ಇದೇ ಎಂದು ಅವನು ಆ ಕ್ಷಣವೇ ತೀರ್ಮಾನಿಸಿದ. ಅವತ್ತಿನಿಂದ ಯಾರೂ ಆ ಪ್ರಶ್ನೆ ಕೇಳದ ಹಾಗೆ ತೊಳೆದ.

ಪಲ್ಟಣಿಯ ಕುದುರೆ ಲಾಯದ ಕೆಲಸದವರು ಮಾತ್ರ ತಮ್ಮ ತೆಂಗಿನ ಕರಟ ತಂದು ದೂರ ನಿಲ್ಲುತ್ತಿದ್ದರು. ಆ ಕಾಲದ ರೀತಿಯಂತೆ ಅವನು ಅವರಿಗೆ ಮೇಲಿಂದ ಸುರಿಯುತ್ತಿದ್ದ. ಎಲ್ಲಕ್ಕಿಂತ ಬೇಗ ಮುಗಿಯುತ್ತಿದ್ದ ಕೆಲಸ ಅದೊಂದೇ. ಅದರ ಬಗ್ಗೆ ಅವನು ಯಾವತ್ತೂ ಯೋಚನೆ ಮಾಡಲಿಲ್ಲ.

ತಮ್ಮಣ್ಣ ಮೆಟ್ರಿಕ್ ಪಾಸಾಗಿ ಧಾರವಾಡದ ಕಾಲೇಜು ಸೇರಿದ. ಎರಡನೇ ವರ್ಷ ಅಲ್ಲಿನ ತಂಡದಲ್ಲಿ ಎಡಬದಿಯ ಆಟಗಾರನಾದ. ಪುಣೆಗೆ ಹೋಗಿ ಆಡಿದ, ಮಿರಜಿಗೆ ಹೋಗಿ ಆಡಿದ. ರಜೆಗೆ ಬಂದಾಗ ಮೊಣಕಾಲಿನ ಗಾಯಕ್ಕೆ ಶಿವಬಸವ್ವ ಅರಿಶಿನ ಹಚ್ಚುತ್ತ ಬೈಯುತ್ತಿದ್ದಳು, ಗುರುಪುತ್ರಪ್ಪ ಪಕ್ಕದಲ್ಲಿ ಕೂತು ಗಾಯ ನೋಡುತ್ತಿದ್ದ. ಎರಡು ವರ್ಷ ಕಾಲೇಜಿನ ತಂಡ ಬೆಳಗಾವಿಗೂ ಬಂದು ಆಡಿತು. ಎರಡೂ ಸಲ ಅಣ್ಣ ನೂರಿಪ್ಪತ್ತು ಹೆಜ್ಜೆ ದೂರದಲ್ಲಿ, ಬೆನ್ನು ತಿರುಗಿಸಿಕೊಂಡು, ಕಪ್ಪು ತೊಳೆಯುತ್ತಿದ್ದ.

1927ರ ಸೆಪ್ಟೆಂಬರಿನಲ್ಲಿ ಶೀಲ್ಡಿನ ಕೊನೆಯ ಪಂದ್ಯಕ್ಕೆ ಕಾಲೇಜಿನ ತಂಡ ಮತ್ತು ಪಲ್ಟಣಿಯ ತಂಡ ಬಂದವು. ತಮ್ಮಣ್ಣನಿಗೆ ಅದು ಕೊನೆಯ ವರ್ಷ. ಪಂದ್ಯಕ್ಕೆ ಎಂಟು ದಿನ ಮೊದಲು ಮನೆಗೆ ಬಂದವನು ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದ.

“ಅಣ್ಣಾ, ಈ ಸಲ ಆಡಿದ್ರ ಮುಗೀತು. ಆಮ್ಯಾಲೆ ನೌಕರಿ. ಒಂದ ಸಲ ನೋಡು.”

“ನೋಡತೇನಿ,” ಎಂದ ಗುರುಪುತ್ರಪ್ಪ.

“ಹೋದ ವರ್ಷನೂ ಹಿಂಗ ಅಂದಿದ್ದಿ.”

ಗಂಡನ ಬದಲು ಶಿವಬಸವ್ವ ಮಾತಾಡಿದಳು. “ಒಂದ ದಿನಾ ಚಹಾ ಇಲ್ಲಂದ್ರ ಯಾರೂ ಸಾಯಾಂಗಿಲ್ರಿ. ಬಾಗಿಲಾ ಹಾಕಿ ಬಿಡ್ರಿ.”

ಅಂಗಡಿ ಮುಚ್ಚುವುದು ಅವನಿಂದ ಆಗುವ ಮಾತಾಗಿರಲಿಲ್ಲ. ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಸೇರುವ ದಿನ ಅದು. ಮಾರ್ತಾಂಡರಾಯರಿಗೆ ಮಾತು ಕೊಟ್ಟಾಗಿತ್ತು. ತನ್ನ ಬದಲು ಹೆಂಡತಿಯನ್ನು ಕ್ಯಾಂಪಿನ ಮೈದಾನದಲ್ಲಿ ಸೋಲ್ಜರರ ನಡುವೆ ನಿಲ್ಲಿಸುವುದು ಯಾರ ತಲೆಗೂ ಹೋಗುವಂಥದ್ದಲ್ಲ. ಎರಡು ದಿನ ಯೋಚಿಸಿ ಅವನು ಒಂದು ದಾರಿ ಹುಡುಕಿದ. ಮೊದಲ ಅರ್ಧದಲ್ಲಿ ಚಹಾ ಕುದಿಸಿ ಸಿದ್ಧ ಮಾಡುವುದು. ಮಧ್ಯಂತರದ ಹತ್ತು ನಿಮಿಷದಲ್ಲಿ ಇನ್ನೂರು ಜನರನ್ನೂ ಮುಗಿಸುವುದು. ಎರಡನೇ ಅರ್ಧಕ್ಕೆ ಸೀಟಿ ಊದಿದ ಕೂಡಲೇ ತಿರುಗಿ ನಿಂತು ತಮ್ಮನನ್ನು ನೋಡುವುದು. ಅದಕ್ಕೆ ಬೇಕಾದದ್ದು ಒಂದೇ: ತೊಳೆಯಬೇಕಿಲ್ಲದ ಕಪ್ಪು.

ಮರುದಿನ ಅವನು ಖಾನಾಪುರದ ರೈಲು ಹತ್ತಿದ.

ಖಾನಾಪುರದ ಕುಂಬಾರ ರಾಯಪ್ಪನ ಹತ್ತಿರ ಅವನು ಹಿಂದೆ ನೀರಿನ ಗಡಿಗೆಗಳನ್ನು ಕೊಂಡಿದ್ದ. ರಾಯಪ್ಪ ಹೆಂಡತಿಯೊಡನೆ ಮರಾಠಿಯಲ್ಲಿ, ಗಿರಾಕಿಯೊಡನೆ ಕನ್ನಡದಲ್ಲಿ ಒಂದೇ ಉಸಿರಿಗೆ ಮಾತಾಡುವವನು. ಮಳೆಗಾಲದಲ್ಲಿ ಮಡಕೆ ಸುಡುವ ಆವಿಗೆ ಹಚ್ಚುವುದಿಲ್ಲ, ಹೊಸದು ಸುಟ್ಟುಕೊಡಲು ಆಗುವುದಿಲ್ಲ ಎಂದ ಅವನು, ಬೇಸಗೆಯಲ್ಲಿ ಸುಟ್ಟ ಕುಡಿಕೆಗಳು ಅಟ್ಟದ ಮೇಲಿವೆ ಎಂದು ಏಣಿ ಹಾಕಿದ. ಹುಲ್ಲಿನಲ್ಲಿ ಹುದುಗಿಸಿಟ್ಟ ಅಂಗೈಯಗಲದ ಕೆಂಪು ಕುಡಿಕೆಗಳು, ಬೆರಳಿನಿಂದ ತಟ್ಟಿದರೆ ಟಣ್ ಎನ್ನುವಂಥವು. ಗುರುಪುತ್ರಪ್ಪ ಇನ್ನೂರೈವತ್ತು ಎಣಿಸಿಕೊಂಡ. ಕುಡಿದವನು ಕುಡಿಕೆಯನ್ನು ಅಲ್ಲೇ ಒಡೆದು ಹೋಗುತ್ತಾನೆ, ತೊಳೆಯುವ ಮಾತೇ ಇಲ್ಲ.

ಬುಟ್ಟಿ ಕಟ್ಟುವಾಗ ರಾಯಪ್ಪ ಹೇಳಿದ: “ಚಹಾದವರ, ಹಿಂದಿನ ದಿನ ರಾತ್ರಿ ಇವನ್ನ ನೀರಾಗ ನೆನಿ ಇಡ್ರಿ. ನಾಕ ತಿಂಗಳ ಅಟ್ಟದ ಮ್ಯಾಲೆ ಕುಂತಾವ, ಭಾಳ ನೀರಡಿಸಿರತಾವ. ನೆನಿಸಲಿಲ್ಲಂದ್ರ ನಿಮ್ಮ ಚಹಾ ಮೊದಲ ಅವ ಕುಡಿತಾವ, ಆಮ್ಯಾಲೆ ಮಂದಿ.”

“ಅಷ್ಟು ಕುಡಿತಾವೇನ್ರಿ?”

“ಖರೇ ಹೇಳತೇನಿ. ನನ್ನ ಮಾವಗಿಂತ ಹೆಚ್ಚು ಕುಡಿತಾವ.”

ಒಳಗಿನಿಂದ ರಾಯಪ್ಪನ ಹೆಂಡತಿ ಮರಾಠಿಯಲ್ಲಿ ಏನೋ ಅಂದಳು. ರಾಯಪ್ಪ ನಕ್ಕು ಹಗ್ಗ ಬಿಗಿದ. ಗುರುಪುತ್ರಪ್ಪನೂ ನಕ್ಕ. ನೆನೆ ಇಡುವುದೆಂದೇ ಅವನು ಆಗ ಅಂದುಕೊಂಡಿದ್ದ.

ಮನಸ್ಸು ಬದಲಾದದ್ದು ರೈಲಿನಲ್ಲಿ. ಬುಟ್ಟಿಗಳನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಾಗ ಅವನಿಗೆ ಒದ್ದೆ ಕುಡಿಕೆ ಕಣ್ಣ ಮುಂದೆ ಬಂತು. ಒಣಗಿದ ಹೊಸ ಮಣ್ಣಿಗೆ ಮೈಲಿಗೆಯಿಲ್ಲ. ಅದನ್ನು ಯಾರು ಮುಟ್ಟಿದರು ಎಂದು ಯಾರೂ ಕೇಳುವುದಿಲ್ಲ. ನೀರು ತಾಗಿದರೆ ಮಾತು ಬೇರೆ. ಒದ್ದೆ ಕುಡಿಕೆ ಹಿಡಿದ ಯಾರೋ ಒಬ್ಬ, ದಿಗಂಬರ ಮಾಸ್ತರರೇ ಇರಬಹುದು, ಇದು ಯಾರ ಮನೆಯ ನೀರು, ಇದರಲ್ಲಿ ಮೊದಲು ಯಾರಾದರೂ ಕುಡಿದಿದ್ದಾರೋ ಎಂದು ಕೇಳಬಹುದು. ಆ ಒಂದು ಪ್ರಶ್ನೆಗೆ ಉತ್ತರ ಕೊಡುತ್ತ ನಿಂತರೆ ಹತ್ತು ನಿಮಿಷ ಅಲ್ಲಿಗೇ ಮುಗಿಯಿತು. ಒಣ ಕುಡಿಕೆ ನೋಡಿದರೆ ಗೊತ್ತಾಗುತ್ತದೆ, ಹೊಸದು ಎಂದು. ಮಣ್ಣು ಸ್ವಲ್ಪ ಚಹಾ ಕುಡಿದರೆ ಕುಡಿಯಲಿ.

ಪಂದ್ಯದ ಹಿಂದಿನ ಸಂಜೆ ಶಿವಬಸವ್ವ ನೆನೆ ಇಡಲೆಂದು ಹಂಡೆಗೆ ನೀರು ತುಂಬಿಸಿದ್ದಳು. ಬೇಡ ಎಂದ. ಯಾಕೆಂದು ಅವಳು ಕೇಳಿದಳು. ಅವನು ಬುಟ್ಟಿಗಳನ್ನು ಹಂಡೆಯಿಂದ ದೂರ ಸರಿಸಿದ.

ಪಂದ್ಯದ ದಿನ ಮಳೆ ಬಿಡುವು ಕೊಟ್ಟಿತ್ತು. ಆಟ ನೋಡುವವರು ಕೂರುವ ಹಲಗೆಯ ಮೆಟ್ಟಿಲುಗಳು ಎರಡು ಗಂಟೆ ಮೊದಲೇ ತುಂಬಿದವು. ಧಾರವಾಡದಿಂದ ರೈಲಿನಲ್ಲಿ ಬಂದ ವಿದ್ಯಾರ್ಥಿಗಳು ತಗಡಿನ ಡಬ್ಬಿ ಬಡಿಯುತ್ತ ಒಳಗೆ ಬಂದರು. ಮೊದಲ ಅರ್ಧದಲ್ಲಿ ಎರಡೂ ಕಡೆಗೆ ಗೋಲಿಲ್ಲ. ಗುರುಪುತ್ರಪ್ಪ ಎರಡು ದೊಡ್ಡ ಪಾತ್ರೆ ಚಹಾ ಕುದಿಸಿ ಮುಚ್ಚಿಟ್ಟಿದ್ದ. ಕುಡಿಕೆಗಳು ಹತ್ತತ್ತರ ಸಾಲಿನಲ್ಲಿ ಹಲಗೆಯ ಮೇಲಿದ್ದವು. ಅಷ್ಟು ಸಿದ್ಧನಾಗಿ ಅವನು ಯಾವತ್ತೂ ನಿಂತಿರಲಿಲ್ಲ.

ಸೀಟಿ ಊದಿತು. ಜನ ಬಂದರು.

ಮೊದಲ ಹತ್ತು ಕುಡಿಕೆಗಳಿಗೆ ಅವನು ಒಂದೇ ಬೀಸಿನಲ್ಲಿ ಸುರಿದ. ಒಣ ಮಣ್ಣು ಸುಂಯ್ ಎಂದಿತು. ಕುಡಿಕೆಗಳ ಒಳಗೆ ಸಣ್ಣ ಗುಳ್ಳೆಗಳೆದ್ದವು. ಕೈಗೆತ್ತಿಕೊಂಡವರ ಕಣ್ಣೆದುರೇ ಚಹಾ ಬೆರಳಗಲ ಇಳಿಯಿತು. ಮೊದಲನೆಯವನು ಕುಡಿಕೆ ಮುಂದೆ ಚಾಚಿದ: “ಕಾಕಾ, ಅರ್ಧಾನ ಹಾಕೀರಿ.” ಅವನಿಗೆ ಇನ್ನಷ್ಟು ಹಾಕಿದ. ಎರಡನೆಯವನೂ ಚಾಚಿದ, ಮೂರನೆಯವನ ಚಹಾದಲ್ಲಿ ಹುಲ್ಲಿನ ಎಳೆ ತೇಲಿತು. ಅವನಿಗೆ ಬೇರೆ ಕುಡಿಕೆ ಕೊಡಬೇಕಾಯಿತು. ಪ್ರತಿಯೊಬ್ಬನಿಗೂ ಎರಡು ಸಲ, ಕೆಲವರಿಗೆ ಮೂರು ಸಲ ಹಾಕಬೇಕಾಯಿತು. ಒಮ್ಮೆ ಹಾಕಿಸಿಕೊಂಡು ಹೋದವರು ಮತ್ತೆ ಸಾಲಿನ ಮುಂದಕ್ಕೆ ಬಂದರು, ಹಿಂದಿನವರು ಅವರನ್ನು ಬೈದರು. ಎಂಬತ್ತನೆಯ ಕುಡಿಕೆಯ ಹೊತ್ತಿಗೆ ಮೊದಲ ಪಾತ್ರೆ ಬರಿದಾಯಿತು. ಇನ್ನೂರು ಜನರಿಗೆ ಇಟ್ಟ ಚಹಾದಲ್ಲಿ ಕಾಲು ಭಾಗ ಖಾನಾಪುರದ ಮಣ್ಣು ಕುಡಿಯುತ್ತಿತ್ತು.

ಎರಡನೇ ಅರ್ಧದ ಸೀಟಿ ಊದಿತು. ಹಲಗೆಯ ಎದುರು ನೂರಕ್ಕೂ ಹೆಚ್ಚು ಜನ ನಿಂತಿದ್ದರು.

ಗುರುಪುತ್ರಪ್ಪ ಆಗ ತಿರುಗಿ ನಿಲ್ಲಬಹುದಿತ್ತು. ಆಮೇಲೆ ಅವನು ಈ ಗಳಿಗೆಯನ್ನು ಎಷ್ಟೋ ಸಲ ನೆನೆದ. ಸೌಟು ಕೆಳಗಿಟ್ಟು, ಒಂದು ಗಳಿಗೆ ತಡೀರಿ, ನನ್ನ ತಮ್ಮ ಆಡಾಕ ಹತ್ಯಾನ ಎಂದಿದ್ದರೆ ಆ ಸಾಲಿನಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ. ಅವನ ಕೈ ಮಾತ್ರ ಒಂಬತ್ತು ವರ್ಷದ ರೂಢಿಯಂತೆ ಎರಡನೇ ಪಾತ್ರೆಯ ಮುಚ್ಚಳ ತೆಗೆಯಿತು. ಇದೊಂದು ಮುಗಿಸಿಬಿಡೋಣ ಎಂದುಕೊಂಡ.

ಆಗ ಮಧುಕರ ಎಂಬ ವಿದ್ಯಾರ್ಥಿ, ತಮ್ಮಣ್ಣನ ಕೋಣೆಯಲ್ಲೇ ಇರುವ ಬ್ರಾಹ್ಮಣರ ಹುಡುಗ, ಒಣ ಕುಡಿಕೆಯೊಂದನ್ನು ಎತ್ತಿಕೊಂಡು ಪಕ್ಕದ ನೀರಿನ ಬಕೆಟ್ಟಿನಲ್ಲಿ ಅದ್ದಿ, ಕೊಡವಿ, ಮುಂದೆ ಹಿಡಿದ.

“ಈಗ ಹಾಕ್ರಿ ಕಾಕಾ. ಕುಡಿಯೂದಿಲ್ಲ ಅದು.”

ಹಾಕಿದ. ಚಹಾ ಇಳಿಯಲಿಲ್ಲ. ಹಿಂದಿನವನೂ ಅದ್ದಿದ. ಅವನ ಹಿಂದಿನವನೂ. ಒಂದೇ ಬಕೆಟ್ಟಿನಲ್ಲಿ ಯಾರು ಯಾರದೋ ಕೈ ಮುಳುಗುತ್ತಿತ್ತು. ಅದ್ದುವವರು ಬಕೆಟ್ಟಿನ ಕಡೆ ನೋಡುತ್ತಲೂ ಇರಲಿಲ್ಲ. ಎಲ್ಲರ ಕಣ್ಣೂ ಗುರುಪುತ್ರಪ್ಪನ ಹೆಗಲ ಮೇಲಿಂದ ಮೈದಾನದಲ್ಲಿತ್ತು. ಒಂದು ಕುಡಿಕೆಯನ್ನು ಇಬ್ಬರು ಹಂಚಿಕೊಂಡು ಕುಡಿಯುತ್ತಿದ್ದರು. ಯಾರ ನೀರೆಂದು ಯಾರೂ ಕೇಳಲಿಲ್ಲ. ಸಾಲು ಸರಸರನೆ ಕರಗತೊಡಗಿತು.

ದಿಗಂಬರ ಮಾಸ್ತರರ ಸರದಿ ಬಂತು. ಅವರೂ ಅದ್ದಿ ತಂದಿದ್ದರು. ಗುರುಪುತ್ರಪ್ಪ ಸುರಿಯುತ್ತಿದ್ದಾಗ ಮಾಸ್ತರರ ಬಾಯಿ ಅರ್ಧ ತೆರೆಯಿತು. ಹಿಂದಿನ ತಲೆಗಳೆಲ್ಲ ಬಲಕ್ಕೆ ವಾಲಿದವು. ಚೆಂಡು ಕಾಲೇಜಿನವರ ಕಾಲಲ್ಲಿದೆ ಎಂದು ಅವನಿಗೆ ತಿಳಿಯಿತು. ಮಧುಕರ “ತಮ್ಮಣ್ಣಾ” ಎಂದು ಕೂಗಿದ. ಗುರುಪುತ್ರಪ್ಪನ ಕತ್ತು ಒಂದಿಷ್ಟು ಹೊರಳಿತು. ಸೌಟಿನಲ್ಲಿ ಕುದಿಯುವ ಚಹಾ, ಕೆಳಗೆ ಮಾಸ್ತರರ ಕೈ. ಅವನು ಕತ್ತನ್ನು ಮತ್ತೆ ಮುಂದಕ್ಕೆ ತಂದು ಕುಡಿಕೆ ತುಂಬಿಸಿದ. ಅಷ್ಟರಲ್ಲಿ ಮುಖಗಳೆಲ್ಲ ಒಮ್ಮೆಲೇ ಅರಳಿದವು. ಸದ್ದು ನೆಲದಿಂದ ಎದ್ದು ಬಂದ ಹಾಗೆ ಬಂತು. ಯಾರೋ ಹಲಗೆಗೆ ಗುದ್ದಿದರು, ಕುಡಿಕೆಗಳು ಉರುಳಿದವು.

ಅವನು ತಿರುಗಿದಾಗ ಆಟಗಾರರು ನಡುಗೆರೆಗೆ ವಾಪಸು ನಡೆಯುತ್ತಿದ್ದರು. ನಾಲ್ಕೈದು ಜನ ಒಬ್ಬನನ್ನು ತಬ್ಬಿಕೊಂಡಿದ್ದರು. ಆ ಒಬ್ಬನ ತಲೆ ಮಾತ್ರ ಕಾಣುತ್ತಿತ್ತು.

ಅದಾದ ಮೇಲೆ ಗೋಲಾಗಲಿಲ್ಲ. ಕಾಲೇಜು ಒಂದು ಗೋಲಿನಿಂದ ಗೆದ್ದಿತು.

ಜನ ಚದುರಿದ ಮೇಲೆ ದಿಗಂಬರ ಮಾಸ್ತರರು ಅಭಿನಂದನೆ ಹೇಳಲು ಬಂದರು. ನಿಮ್ಮ ತಮ್ಮ ಬಲು ಚುರುಕು ಎಂದರು. ಗುರುಪುತ್ರಪ್ಪ ಕೈ ಒರೆಸಿಕೊಂಡು, ಒಂಬತ್ತು ವರ್ಷದಿಂದ ಕೇಳದಿದ್ದದ್ದನ್ನು ಕೇಳಿದ.

“ಮಾಸ್ತರ, ಮೊದಲನೇ ವರ್ಷ ನೀವು ಕಪ್ಪು ಹಿಡಕೊಂಡು ತೊಳದೀರೇನು ಅಂತ ಕೇಳಿದ್ರಿ. ಯಾಕ ಕೇಳಿದ್ರಿ?”

ಮಾಸ್ತರರು ನೆನಪು ಮಾಡಿಕೊಳ್ಳಲು ನೋಡಿದರು. “ನಾ ಕೇಳಿದ್ನೇ? ಏನರೆ ಅಂಟಿತ್ತೇನೋ ಒಳಗ. ಚಹಾದ ಎಲಿನೋ ಏನೋ. ನೆನಪಿಲ್ಲೋ ಮಾರಾಯಾ.”

ಅವರು ಕೊಡೆಯನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋದರು. ಗುರುಪುತ್ರಪ್ಪ ಹಲಗೆಯ ಸುತ್ತ ಬಿದ್ದ ಕುಡಿಕೆಯ ಚೂರುಗಳನ್ನು ಬುಟ್ಟಿಗೆ ಹಾಕಿದ. ಕರಟ ತಂದಿದ್ದ ಲಾಯದವರಿಗೆ ಅವತ್ತು ಚಹಾ ಉಳಿದಿರಲಿಲ್ಲ. ಅವರು ಯಾವಾಗ ಹೋದರೋ ಅವನು ಗಮನಿಸಿರಲಿಲ್ಲ.

ಸಂಜೆ ಅನಗೋಳದ ಮನೆಯಲ್ಲಿ ಓಣಿಯವರೆಲ್ಲ ಬಂದು ಹೋದರು. ಶಿವಬಸವ್ವ ಹೋಳಿಗೆ ಮಾಡಿದ್ದಳು. ಅಣ್ಣ ನೋಡಿದನೋ ಇಲ್ಲವೋ ಎಂದು ತಮ್ಮಣ್ಣ ಕೇಳಲಿಲ್ಲ. ಕೇಳುವ ಅಗತ್ಯ ಅವನಿಗಿರಲಿಲ್ಲ. ಗೋಲು ಹೊಡೆದ ಮೇಲೆ ಅವನು ಮೊದಲು ತಿರುಗಿ ನೋಡಿದ್ದೇ ಆ ತಗಡಿನ ಕಡೆ; ತಗಡಿನ ಮೇಲೆ ಅಣ್ಣನ ಬೆನ್ನು ಕಂಡಿತ್ತು. ಇದನ್ನು ಅವನು ಅವತ್ತು ವೈನಿ ಶಿವಬಸವ್ವನಿಗೆ ಮಾತ್ರ ಹೇಳಿದ. ಅವಳು ಅದನ್ನು ಗಂಡನಿಗೆ ಹೇಳಿದ್ದು ತಮ್ಮಣ್ಣ ಊರು ಬಿಟ್ಟ ಮೇಲೆ.

ಊಟದ ನಡುವೆ ಗುರುಪುತ್ರಪ್ಪ ಒಂದೇ ಮಾತು ಕೇಳಿದ. “ಯಾವ ಕಾಲೀಲೆ ಹೊಡದಿ?”

“ಎಡಗಾಲೀಲೆ,” ಎಂದ ತಮ್ಮಣ್ಣ. ತುಪ್ಪ ಬೇಕೇ ಎಂದು ಶಿವಬಸವ್ವ ಕೇಳಿದಳು.

ಮುಂದಿನ ವರ್ಷ ತಮ್ಮಣ್ಣ ಗೋಕಾಕದ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾದ. ಅಲ್ಲಿ ಚೆಂಡಾಟ ಇರಲಿಲ್ಲ. ಮದುವೆಯಾಯಿತು, ಮೈ ಸ್ವಲ್ಪ ಬಂತು. ಬೆಳಗಾವಿಯಲ್ಲಿ ಗುರುಪುತ್ರಪ್ಪ ಮಾರ್ತಾಂಡರಾಯರನ್ನು ಕೇಳಿ ಅಂಗಡಿಯನ್ನು ಪಡುವಣ ಬದಿಗೆ, ಮೈದಾನಕ್ಕೆ ಎದುರಾಗಿ ಹಾಕಿಕೊಂಡ. ಕಪ್ಪುಗಳನ್ನು ಮನೆಯಿಂದಲೇ ತೊಳೆದು ತಂದ, ಅಲ್ಲಿ ಒಂದು ಬಕೆಟ್ಟಿನಲ್ಲಿ ಅದ್ದಿದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಇನ್ನೂರು ಜನ ಕುಡಿದು ಹೋಗುತ್ತಿದ್ದರು. ಚೇಷ್ಟೆ ಮಾಡಲು ಏನೂ ಉಳಿಯದೆ ಹುಡುಗರು ಅವನ ಮೀಸೆಯ ಬಗ್ಗೆ ಮಾತಾಡತೊಡಗಿದರು. ಎರಡನೇ ಅರ್ಧವನ್ನು ಅವನು ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದ. ಒಂದೇ ಹಂಗಾಮಿನಲ್ಲಿ ಹದಿನೇಳು ಗೋಲು ಕಂಡ.

1929ರಲ್ಲಿ ತಮ್ಮಣ್ಣ ರಜೆ ಹಾಕಿ ಬಂದ. ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಹೋದರು. ಮಧ್ಯಂತರ ಮುಗಿದ ಮೇಲೆ ಅಣ್ಣ ಪೆಟ್ಟಿಗೆಯ ಮೇಲೆ ಅರ್ಧ ಜಾಗ ಬಿಟ್ಟುಕೊಟ್ಟ. ತಮ್ಮಣ್ಣ ಕೂತು ವರ್ಗಾವಣೆಯ ವಿಷಯ ತೆಗೆದ. ಅಥಣಿಗೆ ಹಾಕುತ್ತಾರಂತೆ, ಅಲ್ಲಿನ ಸಾಹೇಬ ಬಹಳ ಬಿಗಿಯಂತೆ, ಹೆಂಡತಿಗೆ ಮನಸ್ಸಿಲ್ಲ. ತಲೆ ಬಗ್ಗಿಸಿ, ಹುಲ್ಲಿನ ಕಡ್ಡಿ ಕೀಳುತ್ತ ಹೇಳುತ್ತಿದ್ದ. ಅಷ್ಟರಲ್ಲಿ ಜನ ಎದ್ದು ಕೂಗಿದರು. ತಮ್ಮಣ್ಣ ತಲೆ ಎತ್ತುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.

“ಯಾರ ಹೊಡದ್ರು?”

ಗುರುಪುತ್ರಪ್ಪ ಹೇಳಿದ. ನಡುವಿನ ಆಟಗಾರ ಚೆಂಡನ್ನು ಬಿಟ್ಟುಕೊಟ್ಟದ್ದು, ಒಬ್ಬ ಸಣಕಲು ಹುಡುಗ ಇಬ್ಬರ ನಡುವಿನಿಂದ ನುಸುಳಿದ್ದು, ಹೊಡೆಯುವ ಮುಂಚೆ ಒಂದು ಕ್ಷಣ ತಡೆದು ಗೋಲು ಕಾಯುವವನ ಕಡೆ ನೋಡಿದ್ದು, ಕಾಯುವವನು ತಪ್ಪು ಬದಿಗೆ ಹಾರಿದ್ದು. ಒಂದನ್ನೂ ಬಿಡದೆ, ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತ ಹೇಳಿದ. ತಮ್ಮಣ್ಣ ಪೂರ್ತಿ ಕೇಳಿದ.

“ನೀ ಭಾಳ ಛಂದ ನೋಡತಿ ಅಣ್ಣಾ,” ಎಂದ.

ಗುರುಪುತ್ರಪ್ಪ ಗಾಳಿಯಲ್ಲಿದ್ದ ಕೈ ಇಳಿಸಿ, ಅಥಣಿಯಲ್ಲಿ ನೀರು ಹೇಗಿದೆ ಎಂದು ಕೇಳಿದ.